ಸೋಲಿನ ಮರುದಿನ

ನಮ್ಮ ನೆರೆಮನೆಯ ಹುಡುಗನೊಬ್ಬನು, ಆಗ ಎಂಟನೆಯ ತರಗತಿಯಲ್ಲಿದ್ದವನು, ಸಾಯಂಕಾಲದ ಹೊತ್ತು ಸಂಸ್ಕೃತದ ಶಬ್ದರೂಪಗಳನ್ನು ಒಪ್ಪಿಸುವುದಕ್ಕಾಗಿ ನಮ್ಮಲ್ಲಿಗೆ ಬರುತ್ತಿದ್ದನು. ೨೦೨೪ನೆಯ ಇಸವಿ ಅಕ್ಟೋಬರ್ ೧೭ನೆಯ ತಾರೀಖು ಅವನು ಬಂದವನೇ ಪುಸ್ತಕವನ್ನು ಜಗಲಿಯ ಮೇಲಿಟ್ಟು ತಲೆತಗ್ಗಿಸಿ ಕುಳಿತುಬಿಟ್ಟನು. ಕಾರಣವನ್ನು ನಾವು ಕೇಳಬೇಕಾಗಿರಲಿಲ್ಲ. ಆ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ತಂಡವು ನ್ಯೂಜಿಲೆಂಡಿನವರ ಎದುರು ೪೬ ಓಟಗಳಿಗೆ ಕುಸಿದುಬಿದ್ದಿತ್ತು. ಐದು ಮಂದಿ ಆಟಗಾರರು ಸೊನ್ನೆ ಸುತ್ತಿ ಹಿಂದಿರುಗಿದ್ದರು. ಸ್ವದೇಶದ ನೆಲದಲ್ಲಿ ಟೆಸ್ಟ್ ಪಂದ್ಯದ ಒಂದು ಇನ್ನಿಂಗ್ಸಿನಲ್ಲಿ ಭಾರತವು ಇಷ್ಟು ಕಡಮೆ ಓಟಗಳಿಗೆ ಮುಗಿದುದು ಹಿಂದೆಂದೂ ಇರಲಿಲ್ಲ.

ಹುಡುಗನ ಮನೆಯಲ್ಲಿ ಆಗಲೇ ತೀರ್ಪು ಹೊರಬಿದ್ದಿತ್ತಂತೆ. ಹನ್ನೊಂದು ಮಂದಿಯನ್ನೂ ಮನೆಗೆ ಅಟ್ಟಬೇಕೆಂದು ಅಜ್ಜ. ನಾಯಕನೊಬ್ಬನನ್ನು ಅಟ್ಟಿದರೆ ಸಾಕೆಂದು ತಂದೆ. ದೂರದರ್ಶನದ ಪೆಟ್ಟಿಗೆಯನ್ನೇ ಹೊರಗೆ ಅಟ್ಟಿದರೆ ಎಲ್ಲರಿಗೂ ಕ್ಷೇಮವೆಂದು ತಾಯಿ. ಮೂವರಲ್ಲಿ ತಾಯಿಯ ಮಾತೇ ಹೆಚ್ಚು ವಿವೇಕದ್ದೆಂದು ನಮಗೆ ತೋರಿತಾದರೂ ಬಾಯಿಬಿಟ್ಟು ಹೇಳಲಿಲ್ಲ. ಹುಡುಗನು, "ಮೇಷ್ಟರೇ, ಈಗ ಇವರು ಏನು ಮಾಡಬೇಕು?" ಎಂದು ಕೇಳಿದನು. ಮೂವತ್ತೈದು ವರ್ಷ ಪಾಠ ಹೇಳಿ ಪಳಗಿದ ಬಾಯಿಗೆ ಉತ್ತರ ತಡವಾಗುವುದುಂಟೆ? "ಚೆನ್ನಾಗಿ ಅಭ್ಯಾಸ ಮಾಡಬೇಕಪ್ಪಾ" ಎಂದೆವು. ಆದರೆ ಅವನ ಮುಖವನ್ನು ನೋಡಿದೊಡನೆಯೇ ಆ ಉತ್ತರವು ಉತ್ತರವಲ್ಲವೆಂದು ನಮಗೇ ಗೊತ್ತಾಯಿತು. ಆಮೇಲೆ ಬಹಳ ದಿನ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಆಲೋಚಿಸಿ ಕಂಡುಕೊಂಡುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಕ್ರಿಕೆಟ್ಟಿನ ಗೊಡವೆಯಿಲ್ಲದ ಗೃಹಿಣಿಯರು ಪುಟವನ್ನು ಮಗುಚಿಬಿಡಬಾರದೆಂದು ಬೇಡಿಕೊಳ್ಳುತ್ತೇವೆ. ಅಂಕಪಟ್ಟಿಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತ ಮಗುವನ್ನು ಕಂಡವರಿಗೆ ಈ ವಿಷಯವು ಅಪರಿಚಿತವಾದುದಲ್ಲ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನವೆಂಬುದೊಂದುಂಟು. ರೋಗದ ಮೂಲಕಾರಣವನ್ನು ಕಂಡುಹಿಡಿಯುವುದಕ್ಕೆ ಆ ಹೆಸರು. ನಮ್ಮ ವಿದ್ಯಾರ್ಥಿಗಳು ಈ ಶಬ್ದವನ್ನು ಬರೆಯುವಾಗ ತಪ್ಪದೆ ಮಹಾಪ್ರಾಣವನ್ನು ಸೇರಿಸಿ 'ನಿಧಾನ'ವೆಂದು ಬರೆದುಬಿಡುತ್ತಿದ್ದರು. ನಾವು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ ಬೇಸತ್ತಿದ್ದೆವು. ಆ ಮಕ್ಕಳು ಪೂರ್ತಿಯಾಗಿ ತಪ್ಪಿರಲಿಲ್ಲವೇನೋ ಎಂದು ಈಗ ತೋರುತ್ತದೆ. ಕಾರಣವು ತಿಳಿಯಬೇಕಾದರೆ ಸ್ವಲ್ಪ ಸಾವಕಾಶವೂ ಬೇಕು. ಸೋತ ತಂಡಕ್ಕೆ ಯಾರೂ ಕೊಡದಿರುವುದು ಅದೊಂದನ್ನೇ. ಮೈಮುಟ್ಟಿ ನೋಡಿದವರು ಜ್ವರವನ್ನೇ ರೋಗವೆಂದು ಬಗೆಯುವಂತೆ, ಫಲಕದ ಮೇಲಿನ ಅಂಕಿಯನ್ನು ಕಂಡವರು ಅಂಕಿಯೇ ಸೋಲಿನ ಕಾರಣವೆಂದು ಬಗೆಯುವರು. ಅಂಕಿಯು ಎಷ್ಟು ಚಿಕ್ಕದಾದರೆ ಅಷ್ಟು ದೊಡ್ಡದಾಗಿ ಕಣ್ಣಿಗೆ ಕಟ್ಟುತ್ತದೆ.

ಭಾರತದ ಟೆಸ್ಟ್ ಚರಿತ್ರೆಯಲ್ಲಿ ಅಂತಹ ಅಂಕಿಗಳು ಮೂರು: ೧೯೭೪ರಲ್ಲಿ ಲಾರ್ಡ್ಸಿನ ೪೨, ೨೦೨೦ರಲ್ಲಿ ಅಡಿಲೇಡಿನ ೩೬, ೨೦೨೪ರಲ್ಲಿ ನಮ್ಮ ಬೆಂಗಳೂರಿನ ೪೬. ಮೂರಕ್ಕೂ ಮರುದಿನಗಳಿದ್ದವು. ಮರುದಿನಗಳು ಮಾತ್ರ ಒಂದರಂತೆ ಒಂದಿರಲಿಲ್ಲ.

೧೯೭೪ರ ಜೂನ್ ತಿಂಗಳಲ್ಲಿ ನಮಗೆ ಒಂಬತ್ತು ವರ್ಷ. ತಂದೆಯವರು ಆಕಾಶವಾಣಿಯ ವಾರ್ತೆಯನ್ನು ಕೇಳಿ ರೇಡಿಯೋವಿನ ತಿರುಪನ್ನು ತಿರುಗಿಸಿ ಒಂದು ಮಾತೂ ಆಡದೆ ಹಿತ್ತಲಿಗೆ ಹೊರಟುಹೋದುದು ಇನ್ನೂ ನೆನಪಿದೆ. ಇಂಗ್ಲೆಂಡಿನವರು ೬೨೯ ಓಟಗಳನ್ನು ಹೊಡೆದಿದ್ದರು; ನಮ್ಮವರು ಮೊದಲು ೩೦೨ ಮಾಡಿ, ಫಾಲೋ ಆನ್ ಆಗಿ, ಎರಡನೆಯ ಸಲ ಹದಿನೇಳೇ ಓವರುಗಳಲ್ಲಿ ೪೨ಕ್ಕೆ ಮುಗಿದಿದ್ದರು. ಏಕನಾಥ ಸೋಲ್ಕರರೊಬ್ಬರೇ ಎರಡಂಕಿಯನ್ನು ಮುಟ್ಟಿ ೧೮ ಓಟಗಳೊಡನೆ ಔಟಾಗದೆ ಉಳಿದರು. ಮೂರು ಪಂದ್ಯಗಳ ಆ ಸರಣಿಯಲ್ಲಿ ಮೂರನ್ನೂ ಸೋತು ಬಂದ ತಂಡದ ನಾಯಕರು ಅಜಿತ್ ವಾಡೇಕರರು. ಅದಕ್ಕೆ ಮೂರೇ ವರ್ಷ ಹಿಂದೆ, ೧೯೭೧ರಲ್ಲಿ, ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡುಗಳೆರಡರಲ್ಲಿಯೂ ಸರಣಿಗಳನ್ನು ಗೆದ್ದು ತಂದವರೂ ಅವರೇ. ಆ ವಿಜಯದ ನೆನಪಿಗಾಗಿ ಇಂದೂರಿನಲ್ಲಿ ಕಾಂಕ್ರೀಟಿನ ಒಂದು ಮಹಾ ದಾಂಡನ್ನು ನಿಲ್ಲಿಸಿದ್ದರು. ೧೯೭೪ರ ಸೋಲಿನ ತರುವಾಯ ಜನರು ಅದನ್ನು ವಿಕಾರಗೊಳಿಸಿದರು. ಗೆದ್ದ ಎತ್ತಿನ ಬಾಲ ಹಿಡಿಯುವವರೇ ಸೋತ ಎತ್ತಿನ ಕೊಂಬು ಮುರಿಯುವವರೂ ಆಗಿರುವರೆಂಬುದು ಹೊಸ ಸಂಗತಿಯೇನೂ ಅಲ್ಲವಷ್ಟೆ. ವಾಡೇಕರರು ಮತ್ತೆ ಟೆಸ್ಟ್ ಪಂದ್ಯವನ್ನಾಡಲಿಲ್ಲ.

ಅಷ್ಟರಿಂದಲೇ ದಂಡನೆಯು ಮುಗಿಯಲಿಲ್ಲ. ಆ ಚಳಿಗಾಲದಲ್ಲಿ ವೆಸ್ಟ್ ಇಂಡೀಸಿನವರು ಬಂದಾಗ ಬಿಷನ್ ಸಿಂಗ್ ಬೇಡಿಯವರನ್ನು ಶಿಸ್ತಿನ ಕಾರಣದಿಂದ ಬೆಂಗಳೂರಿನ ಮೊದಲನೆಯ ಟೆಸ್ಟಿನಿಂದ ಹೊರಗಿಟ್ಟರು. ಆ ಪಂದ್ಯದಲ್ಲಿ ಸೋಲಾಯಿತು. ನಾಯಕರಾಗಿ ಹಿಂದಿರುಗಿದ ಪಟೌಡಿಯವರು ಗಾಯಗೊಂಡರು. ದೆಹಲಿಯಲ್ಲಿ ವೆಂಕಟರಾಘವನ್ ಅವರು ನಾಯಕರಾದರು, ಅಲ್ಲಿಯೂ ಸೋಲು. ಅದರ ಮುಂದಿನ ಕಲ್ಕತ್ತದ ಪಂದ್ಯದಲ್ಲಿ ಆ ನಾಯಕರಿಗೆ ಹನ್ನೊಂದು ಮಂದಿಯಲ್ಲಿಯೇ ಸ್ಥಳವಿರಲಿಲ್ಲ! ಒಂದು ವಾರ ಮನೆಯ ಯಜಮಾನ, ಮರುವಾರ ಜಗಲಿಯ ಅತಿಥಿ. ಇಂತಹ ಗಲಿಬಿಲಿಯ ನಡುವೆ ಚೇತರಿಕೆ ಹೇಗೆ ಬಂದಿತೆಂದು ನೋಡಿದರೆ, ಅದು ಹೊಸಬರಿಂದ ಬಂದುದಲ್ಲ. ಲಾರ್ಡ್ಸಿನ ಆ ೪೨ರಲ್ಲಿ ಭಾಗಿಗಳಾಗಿದ್ದ ಗುಂಡಪ್ಪ ವಿಶ್ವನಾಥರು ಕಲ್ಕತ್ತದಲ್ಲಿ ೧೩೯ ಹೊಡೆದರು. ೧೯೭೫ರ ಜನವರಿಯಲ್ಲಿ ಮದರಾಸಿನಲ್ಲಿ, ಆಂಡಿ ರಾಬರ್ಟ್ಸನು ಏಳು ವಿಕೆಟ್ಟುಗಳನ್ನು ಕಿತ್ತ ಇನ್ನಿಂಗ್ಸಿನಲ್ಲಿ, ಔಟಾಗದೆ ೯೭. ಚಂದ್ರಶೇಖರ್, ಪ್ರಸನ್ನ, ಬೇಡಿ ಇವರೇ ಬೋಲರುಗಳು, ಇವರೂ ಲಾರ್ಡ್ಸಿನವರೇ. ಎರಡು ಪಂದ್ಯಗಳೂ ನಮ್ಮವಾದವು. ಕಡೆಯ ಪಂದ್ಯವನ್ನು ಸೋತು ಸರಣಿಯು ಕೈತಪ್ಪಿತೆನ್ನಿ. ಆದರೂ ನಮ್ಮ ಹಳ್ಳಿಯ ಹೋಟೆಲಿನಲ್ಲಿ ಆ ೯೭ರ ಕಥೆಯನ್ನು ಮೂರು ಓಟ ಕಡಮೆಯಾಯಿತೆಂಬ ಸಂಕಟವಿಲ್ಲದೆಯೇ ಬಹಳ ವರ್ಷ ಹೇಳಿಕೊಳ್ಳುತ್ತಿದ್ದರು.

ಇನ್ನು ಅಡಿಲೇಡಿನ ಕಥೆ. ಇದರಲ್ಲಿ ಕಲಿಯಬೇಕಾದುದು ಹೆಚ್ಚಾಗಿರುವುದರಿಂದ ಕೊಂಚ ನಿಂತು ನೋಡೋಣ. ೨೦೨೦ರ ಡಿಸೆಂಬರ್ ೧೭ರಂದು ಹಗಲುರಾತ್ರಿಯ ಪಂದ್ಯವಾಗಿ, ಗುಲಾಬಿ ಚೆಂಡಿನಲ್ಲಿ, ಆಟ ಮೊದಲಾಯಿತು. ಭಾರತ ೨೪೪, ಆಸ್ಟ್ರೇಲಿಯಾ ೧೯೧; ಅಂದರೆ ನಮಗೆ ೫೩ ಓಟಗಳ ಮುನ್ನಡೆ. ಮೂರನೆಯ ದಿನ ಮಾತ್ರ ಪ್ರಳಯ. ಮೊತ್ತವು ೧೫ರಲ್ಲಿಯೇ ನಿಂತಿರಲು ಬೂಮ್ರಾ, ಪೂಜಾರ, ಮಯಾಂಕ್, ರಹಾನೆ ನಾಲ್ವರೂ ಹೋದರು. ಒಬ್ಬರೂ ಎರಡಂಕಿಯನ್ನು ಮುಟ್ಟಲಿಲ್ಲ. ನಮ್ಮ ಕರ್ನಾಟಕದ ಮಯಾಂಕ್ ಅಗರವಾಲರ ೯ ಓಟಗಳೇ ಎಲ್ಲಕ್ಕಿಂತ ಅಧಿಕ. ಹೇಜಲ್‌ವುಡ್ಡನು ೮ ಓಟಗಳನ್ನು ಕೊಟ್ಟು ಐದು ವಿಕೆಟ್ಟುಗಳನ್ನು ತೆಗೆದನು. ಕಡೆಗೆ ಮೊಹಮ್ಮದ್ ಶಮಿಯವರ ತೋಳಿಗೆ ಚೆಂಡು ಬಡಿದು ಮೂಳೆ ಮುರಿದು, ಒಂಬತ್ತು ವಿಕೆಟ್ಟಿಗೆ ೩೬ ಎಂಬಲ್ಲಿಗೆ ಎಲ್ಲವೂ ನಿಂತಿತು. ಆಸ್ಟ್ರೇಲಿಯಾ ಎಂಟು ವಿಕೆಟ್ಟುಗಳಿಂದ ಗೆದ್ದಿತು.

ಇಲ್ಲಿ ನಿದಾನವನ್ನು ನೋಡಿ. ಅದೇ ಬೋಲರುಗಳ ಎದುರು ಅದೇ ದಾಂಡಿಗರು ಎರಡು ದಿನ ಮೊದಲು ೨೪೪ ಮಾಡಿದ್ದರು. ಮೂರನೆಯ ದಿನ ಚೆಂಡು ದಾಂಡಿನ ಅಂಚನ್ನು ಸವರಿದಾಗಲೆಲ್ಲ ನೇರವಾಗಿ ಕೈಗೆ ಹೋಯಿತು. ಬಿದ್ದ ಒಂಬತ್ತರಲ್ಲಿ ಐದು ವಿಕೆಟ್ಟುಗಳು ವಿಕೆಟ್ ಕೀಪರನ ಕ್ಯಾಚುಗಳು. ತರ್ಕಶಾಸ್ತ್ರದವರು ಕಾಕತಾಲೀಯವೆನ್ನುವರು: ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾಲದ ಹೊಂದಿಕೆಯುಂಟು, ಕಾರಣದ ಹೊಂದಿಕೆಯಿಲ್ಲ. ಹೇಜಲ್‌ವುಡ್, ಕಮಿನ್ಸರು ಎಸೆದ ಚೆಂಡುಗಳು ಅತ್ಯುತ್ತಮವಾದುವೆಂಬುದು ನಿಜ. ಆದರೆ ಆ ಒಂದು ಗಂಟೆಯಲ್ಲಿ ಬಹು ಭಾಗ ತಾಳೆಯ ಹಣ್ಣೇ. ನಿಜವಾದ ರೋಗ ಬೇರೆಡೆ ಇತ್ತು. ಆಸ್ಟ್ರೇಲಿಯಾದ ಇನ್ನಿಂಗ್ಸಿನಲ್ಲಿ ನಮ್ಮವರು ಲಬುಶೇನನ ಕ್ಯಾಚುಗಳನ್ನು ಮೇಲಿಂದ ಮೇಲೆ ನೆಲಕ್ಕೆ ಬಿಟ್ಟರು. ಅವನು ೪೭ ಮಾಡಿದನು. ನಾಯಕ ಪೇಯ್ನನು ೨೬ರಲ್ಲಿದ್ದಾಗ ಅವನದನ್ನೂ ಬಿಟ್ಟರು. ಅವನು ಔಟಾಗದೆ ೭೩ಕ್ಕೆ ಬೆಳೆದನು. ಮುನ್ನಡೆಯು ನೂರನ್ನು ಮೀರಬೇಕಾಗಿತ್ತು. ೩೬ ಎಂಬ ಅಂಕಿಯ ಗದ್ದಲದಲ್ಲಿ ಈ ಜಾರಿದ ಕೈಗಳನ್ನು ಕುರಿತು ಮಾತನಾಡಿದವರು ಎಷ್ಟು ಮಂದಿ?

ಮುಂದಿನ ಪಂದ್ಯಕ್ಕೆ ಒಂದೇ ವಾರವಿತ್ತು. ನಾಯಕ ವಿರಾಟ್ ಕೊಹ್ಲಿಯವರು ಮೊದಲೇ ಅಪ್ಪಣೆ ಪಡೆದಿದ್ದಂತೆ ಪತ್ನಿಯ ಹೆರಿಗೆಗಾಗಿ ಸ್ವದೇಶಕ್ಕೆ ಹೊರಟರು. ಶಮಿಯವರು ಗಾಯಾಳು. ತಂಡವು ಮೂವತ್ತಾರಕ್ಕೆ ಉರುಳಿದೆ, ಎಲ್ಲರಿಗಿಂತ ದೊಡ್ಡ ದಾಂಡಿಗನು ಹೊರಟುಹೋಗುತ್ತಿದ್ದಾನೆ. ಆ ಸ್ಥಳಕ್ಕೆ ಯಾರನ್ನು ಹಾಕುವಿರಿ? ನಮ್ಮ ನೆರೆಮನೆಯ ಅಜ್ಜನಿಂದ ಮೊದಲುಗೊಂಡು ಲೋಕವೆಲ್ಲವೂ ಇನ್ನೊಬ್ಬ ದಾಂಡಿಗನನ್ನು ಎನ್ನುವುದು. ಪ್ರಭಾರ ನಾಯಕ ಅಜಿಂಕ್ಯ ರಹಾನೆ, ಶಿಕ್ಷಕ ರವಿ ಶಾಸ್ತ್ರಿ ಮೊದಲಾದವರು ಹಾಗೆ ಮಾಡಲಿಲ್ಲ. ದಾಂಡನ್ನೂ ಬೀಸಿ ಚೆಂಡನ್ನೂ ಎಸೆಯಬಲ್ಲ ರವೀಂದ್ರ ಜಡೇಜರನ್ನು ತಂದು ಬೋಲರುಗಳ ಸಂಖ್ಯೆಯನ್ನು ಐದಕ್ಕೇರಿಸಿದರು. ಟೆಸ್ಟನ್ನು ಗೆಲ್ಲಬೇಕಾದರೆ ಇಪ್ಪತ್ತು ವಿಕೆಟ್ಟುಗಳು ಬೇಕೆಂಬ ಲೆಕ್ಕ ಅವರದು. ಮೂವತ್ತಾರರ ಭೀತಿಯನ್ನು ಆ ಲೆಕ್ಕದೊಳಗೆ ಬಿಡಲಿಲ್ಲ. ಶುಭಮನ್ ಗಿಲ್ಲರೂ ಮೊಹಮ್ಮದ್ ಸಿರಾಜರೂ ಅಲ್ಲಿಯೇ ಮೊದಲನೆಯ ಟೆಸ್ಟನ್ನಾಡಿದರು. ಸಿರಾಜರ ತಂದೆ, ಹೈದರಾಬಾದಿನಲ್ಲಿ ಆಟೋ ಓಡಿಸಿ ಮಗನನ್ನು ಬೆಳೆಸಿದವರು, ಒಂದು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರು. ಹಿಂದಿರುಗಲು ಅವಕಾಶವಿದ್ದರೂ ಮಗನು ಆಸ್ಟ್ರೇಲಿಯಾದಲ್ಲಿಯೇ ಉಳಿದಿದ್ದನು. ಮೆಲ್ಬರ್ನಿನಲ್ಲಿ ಅವರಿಗೆ ಐದು ವಿಕೆಟ್ಟುಗಳು ಬಂದವು. ಆಸ್ಟ್ರೇಲಿಯಾ ೧೯೫, ೨೦೦. ಭಾರತ ೩೨೬ ಮತ್ತು ಎರಡಕ್ಕೆ ೭೦. ಎಂಟೇ ವಿಕೆಟ್ಟುಗಳ ಜಯ, ಈ ಸಲ ನಮ್ಮ ಕಡೆಗೆ.

ಆ ಪಂದ್ಯದ ಒಂದು ಕ್ಷಣವನ್ನು ನಾವು ಮರೆಯಲಾರೆವು. ಅದಕ್ಕೆ ಮೊದಲು ಹಿಂದಿನದೊಂದನ್ನು ಹೇಳಬೇಕು. ಅಡಿಲೇಡಿನ ಮೊದಲನೆಯ ದಿನ ಕೊಹ್ಲಿಯವರು ೭೪ ಮಾಡಿ ಭದ್ರವಾಗಿ ನಿಂತಿದ್ದಾಗ ರಹಾನೆಯವರು ಓಟಕ್ಕೆ ಕರೆದು, ನಡುವೆ ಮನಸ್ಸು ಬದಲಿಸಿ ಹಿಂದಕ್ಕೆ ಕಳುಹಿಸಿದರು. ಕೊಹ್ಲಿ ರನ್ ಔಟ್. ಅಲ್ಲಿಂದಲೇ ನಮ್ಮ ಇನ್ನಿಂಗ್ಸು ಸಡಿಲಿತು. ತಪ್ಪು ತಮ್ಮದೆಂದು ರಹಾನೆಯವರು ಆ ಸಂಜೆಯೇ ಕೊಹ್ಲಿಯವರಲ್ಲಿ ಕ್ಷಮೆ ಕೇಳಿದರಂತೆ. ಈಗ ಮೆಲ್ಬರ್ನಿಗೆ ಬನ್ನಿ. ರಹಾನೆ ೧೧೨ರಲ್ಲಿ, ಜಡೇಜ ೪೯ರಲ್ಲಿ. ಐವತ್ತರ ಆಸೆಗೆ ಜಡೇಜರು ಇಲ್ಲದ ಓಟಕ್ಕೆ ಕರೆದರು. ಶತಕವನ್ನು ಹೊಡೆದು ತಂಡವನ್ನು ಎತ್ತಿ ನಿಲ್ಲಿಸಿದ್ದ ನಾಯಕನೇ ರನ್ ಔಟಾದನು. ಜಡೇಜರು ತಲೆತಗ್ಗಿಸಿ ನಿಂತರು. ರಹಾನೆಯವರು ಪೆವಿಲಿಯನ್ನಿನ ಕಡೆಗೆ ಹೊರಟವರು ಜಡೇಜರ ಬಳಿಗೆ ಹೋಗಿ ಬೆನ್ನು ತಟ್ಟಿದರು. ಅಷ್ಟೇ. ಜಡೇಜರು ಮತ್ತೆ ಆಡಿ ೫೭ ಮಾಡಿದರು. ಎರಡನೆಯ ಇನ್ನಿಂಗ್ಸಿನಲ್ಲಿ ವಿಕೆಟ್ಟುಗಳನ್ನೂ ತೆಗೆದರು.

ಇದನ್ನು ನೋಡುತ್ತಿದ್ದಾಗ ನಮ್ಮ ಕಣ್ಣಿಗೆ ಬೇರೊಂದು ಮೈದಾನ ಕಟ್ಟಿತು. ಬಹಳ ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಶಾಲೆಯ ತಂಡವನ್ನು ತಾಲ್ಲೂಕಿನ ಪಂದ್ಯಕ್ಕೆ ಕರೆದೊಯ್ಯುವ ಭಾರ ನಮ್ಮದಾಗಿತ್ತು. ಸಂಸ್ಕೃತದ ಮೇಷ್ಟರಿಗೂ ಕ್ರಿಕೆಟ್ಟಿಗೂ ಏನು ಸಂಬಂಧವೆಂದರೆ, ವ್ಯಾಯಾಮದ ಮೇಷ್ಟರು ರಜೆಯಲ್ಲಿದ್ದರು. ಕಡೆಯ ಓವರುಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಸುಲಭವಾದ ಕ್ಯಾಚನ್ನು ಬಿಟ್ಟನು. ಸೋತೆವು. ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಬಳಿಕ, ಇಡೀ ಶಾಲೆಯ ಎದುರಿನಲ್ಲಿ, ಅವನನ್ನು ಮುಂದಕ್ಕೆ ಕರೆದು, "ನಿನ್ನ ಕೈಗೆ ತೂತು ಬಿದ್ದಿತ್ತೇನಪ್ಪಾ?" ಎಂದು ಕೇಳಿದೆವು. ಮಕ್ಕಳೆಲ್ಲರೂ ನಕ್ಕರು. ಮಾತು ಚತುರವಾಯಿತೆಂದು ನಮಗೂ ಒಳಗೊಳಗೇ ಹಿಗ್ಗು. ಆ ಹುಡುಗನು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಪಾಠದಲ್ಲಿಯೂ ಕೈಯೆತ್ತುವುದನ್ನು ಬಿಟ್ಟನು. ವರ್ಷಗಳಾದ ಮೇಲೆ ಬೀರುವನ್ನು ಚೊಕ್ಕಟಮಾಡುವಾಗ ಆ ಪಂದ್ಯದ ಲೆಕ್ಕದ ಪುಸ್ತಕ ಸಿಕ್ಕಿತು. ಕೂಡಿ ನೋಡಿದೆವು. ಕ್ಯಾಚು ಬಿಟ್ಟಮೇಲೆ ಆ ದಾಂಡಿಗನು ಹೊಡೆದದ್ದು ನಾಲ್ಕೇ ಓಟ. ವೈಡುಗಳಲ್ಲಿ ನಮ್ಮ ಬೋಲರುಗಳು ಕೊಟ್ಟದ್ದು ಹತ್ತೊಂಬತ್ತು. ನಾವು ಸೋತದ್ದು ಹನ್ನೊಂದು ಓಟಗಳಿಂದ.

ಆ ಹುಡುಗನನ್ನು ಒಮ್ಮೆ ಬಸ್ಸಿನ ನಿಲ್ದಾಣದಲ್ಲಿ ಕಂಡೆವು. ಗೃಹಸ್ಥನಾಗಿದ್ದನು. ನಮಸ್ಕರಿಸಿ ಯೋಗಕ್ಷೇಮವನ್ನು ವಿಚಾರಿಸಿದನು. ಹೇಗೋ ಆಟದ ಮಾತು ಬಂದಿತು. ಆಗ ಅವನು ಬಸ್ಸು ಬರುವ ದಿಕ್ಕನ್ನು ನೋಡತೊಡಗಿದನು. ಲೆಕ್ಕದ ಪುಸ್ತಕದ ಸಂಗತಿಯನ್ನು ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಬಸ್ಸು ಬಂದುಬಿಟ್ಟಿತು.

ಅಡಿಲೇಡಿನ ಕಥೆಯ ಶೇಷಭಾಗವನ್ನು ವಾಚಕರು ಬಲ್ಲರು. ಸಿಡ್ನಿಯಲ್ಲಿ ಹನುಮ ವಿಹಾರಿ, ಅಶ್ವಿನ್ ಇಬ್ಬರೂ ನೋಯುವ ಮೈಯಲ್ಲಿಯೇ ೪೨ ಓವರುಗಳಿಗೂ ಮಿಗಿಲಾಗಿ ಕಚ್ಚಿ ನಿಂತು ಪಂದ್ಯವನ್ನು ಡ್ರಾ ಮಾಡಿದರು. ೧೯೮೮ರಿಂದ ಆಸ್ಟ್ರೇಲಿಯಾದವರು ಸೋಲನ್ನೇ ಕಾಣದಿದ್ದ ಬ್ರಿಸ್ಬೇನಿನಲ್ಲಿ, ಪ್ರಮುಖ ಬೋಲರುಗಳೆಲ್ಲರೂ ಗಾಯದಿಂದ ಹೊರಗಿರಲು, ೨೦೨೧ರ ಜನವರಿ ೧೯ರಂದು ೩೨೮ರ ಗುರಿಯನ್ನು ಮುಟ್ಟಿ ಸರಣಿಯನ್ನು ೨-೧ರಿಂದ ಗೆದ್ದರು. ಸರಿ, ಗೆಲವು ಗೆಲವೇ. ನಮಗೆ ಅದಕ್ಕಿಂತ ಪ್ರಿಯವಾದುದು ಮಯಾಂಕರ ಸಂಗತಿ. ಆ ೯ರ ಸರದಾರರು ಮೆಲ್ಬರ್ನಿನಲ್ಲಿಯೂ ವಿಫಲರಾದರು, ಸಿಡ್ನಿಯಲ್ಲಿ ಹೊರಗುಳಿದರು, ಬ್ರಿಸ್ಬೇನಿನಲ್ಲಿ ಮತ್ತೆ ಆಡಿದರು. ೨೦೨೧ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಎದುರು ೧೫೦ ಮತ್ತು ೬೨ ಹೊಡೆದರು. ಅವರನ್ನು ಹೊರಗಿಟ್ಟುದೂ ಉಂಟು, ಬಾಗಿಲು ಹಾಕಿದುದಿಲ್ಲ.

ಇನ್ನು ನಮ್ಮ ಹುಡುಗನನ್ನು ಮೌನಿಯಾಗಿಸಿದ ೪೬ಕ್ಕೆ ಬರೋಣ. ಮಳೆಯಿಂದ ಮೊದಲನೆಯ ದಿನವೆಲ್ಲ ಆಟವಿರಲಿಲ್ಲ. ಎರಡನೆಯ ದಿನ ಮೋಡ ಮುಸುಕಿದ ಬೆಳಗಿನಲ್ಲಿ ನಾಯಕ ರೋಹಿತ್ ಶರ್ಮರು ಟಾಸ್ ಗೆದ್ದು ಮೊದಲು ದಾಂಡನ್ನು ಹಿಡಿಯುವೆವೆಂದರು. ನೆಲವನ್ನು ತಾವು ತಪ್ಪಾಗಿ ಓದಿದೆವೆಂದು ಅವರೇ ಆ ಸಂಜೆ ಒಪ್ಪಿಕೊಂಡರು. ಈ ಒಪ್ಪಿಗೆಗೆ ನಮ್ಮ ಗೌರವ. ಎರಡನೆಯ ಇನ್ನಿಂಗ್ಸಿನಲ್ಲಿ ಅದೇ ಮಂದಿ ೪೬೨ ಮಾಡಿದರು: ಸರ್ಫರಾಜ್ ೧೫೦, ಪಂತ್ ೯೯. ಎಂಟು ವಿಕೆಟ್ಟುಗಳಿಂದ ಸೋತರೂ ರೋಗ ಯಾವುದೆಂದು ಕೈಗೆ ಸಿಕ್ಕಿತ್ತಲ್ಲವೆ? ಒಂದು ಮುಂಜಾವಿನ ತಪ್ಪು ನಿರ್ಣಯ. ಅದಕ್ಕೆ ಔಷಧವೆಂದರೆ ಮುಂದಿನ ಸಲ ಆಕಾಶವನ್ನು ನೋಡುವುದು. ಆದರೆ ಪುಣೆಯಲ್ಲಿ ಮೂವರನ್ನು ಬದಲಿಸಿದರು. ಸ್ಪಿನ್ನಿಗೆ ತಿರುಗುವ ನೆಲದ ಹಳೆಯ ಅಭ್ಯಾಸಕ್ಕೆ ಮರಳಿದರು. ಎದುರಾಳಿಯಲ್ಲಿಯೂ ಸ್ಪಿನ್ನರುಗಳಿದ್ದಾರೆಂಬುದು ನೆನಪಾಗುವ ಹೊತ್ತಿಗೆ ಸ್ಯಾಂಟ್ನರನು ಹದಿಮೂರು ವಿಕೆಟ್ಟುಗಳನ್ನು ಕಿತ್ತಿದ್ದನು. ಮುಂಬಯಿಯಲ್ಲಿ ಎಜಾಜ್ ಪಟೇಲನು ಹನ್ನೊಂದು. ೧೪೭ರ ಗುರಿಗೆ ನಮ್ಮವರು ೧೨೧. ಸ್ವದೇಶದಲ್ಲಿ ಹದಿನೆಂಟು ಸರಣಿಗಳಿಂದ ಕಾಪಾಡಿಕೊಂಡು ಬಂದಿದ್ದ ಕೀರ್ತಿ ೦-೩ರಲ್ಲಿ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದ ಹಾಗೆ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಬದಲಿಗೆ ಬಂದ ಮೂವರಲ್ಲಿ ವಾಷಿಂಗ್ಟನ್ ಸುಂದರರು ಪುಣೆಯಲ್ಲಿ ಹನ್ನೊಂದು ವಿಕೆಟ್ಟುಗಳನ್ನು ತೆಗೆದರು. ಬದಲಾವಣೆಯೆಂಬುದೇ ತಪ್ಪೆಂದು ನಾವು ಹೇಳುತ್ತಿಲ್ಲ. ರೋಗವಿದ್ದ ಕಡೆಗೆ ಔಷಧ ಹೋಗಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

ಹೊರಬಿದ್ದ ಮೂವರಲ್ಲಿ ನಮ್ಮ ಕೆ. ಎಲ್. ರಾಹುಲರೂ ಒಬ್ಬರು, ತವರಿನ ನೆಲದಲ್ಲಿಯೇ ೦ ಮತ್ತು ೧೨. ನೆರೆಮನೆಯ ಅಜ್ಜನಿಗೆ ಬಹಳ ಸಂತೋಷವಾಗಿತ್ತು. ಒಂದು ತಿಂಗಳಲ್ಲಿ, ರೋಹಿತರು ಇಲ್ಲದಿದ್ದ ಕಾರಣ, ರಾಹುಲರು ಪರ್ತಿನಲ್ಲಿ ಇನ್ನಿಂಗ್ಸನ್ನು ಆರಂಭಿಸಿದರು. ಎರಡನೆಯ ಇನ್ನಿಂಗ್ಸಿನಲ್ಲಿ ಅವರೂ ಜೈಸ್ವಾಲರೂ ಮೊದಲನೆಯ ವಿಕೆಟ್ಟಿಗೆ ೨೦೧ ಓಟಗಳನ್ನು ಕೂಡಿಸಿದರು. ಅದರಲ್ಲಿ ರಾಹುಲರ ಪಾಲು ೭೭. ಭಾರತವು ೨೯೫ ಓಟಗಳಿಂದ ಗೆದ್ದಿತು. ಸರಣಿಯನ್ನು ಕಡೆಗೆ ೧-೩ರಿಂದ ಸೋತರಾದರೂ ಆ ವಾರ ಅಜ್ಜನು ಬೀದಿಯಲ್ಲಿ ನಮ್ಮನ್ನು ತಡೆದು, ಆ ಹುಡುಗನ ಮೇಲೆ ತನಗೆ ಮೊದಲಿನಿಂದಲೂ ನಂಬಿಕೆಯಿತ್ತೆಂದು ತಿಳಿಸಿದನು.

ಅದೇ ಸಂಜೆ ಮೊಮ್ಮಗನು ಪುಸ್ತಕವನ್ನು ಹಿಡಿದು ಬಂದನು. ಹಿಂದಿನ ಪ್ರಶ್ನೆಗೆ ನಾವು ಕೊಟ್ಟಿದ್ದ ಉತ್ತರವು ಸರಿಯಿರಲಿಲ್ಲವೆಂದು ಅವನಿಗೆ ಹೇಳಿದೆವು. ಅಡಿಲೇಡಿನ ಕ್ಯಾಚುಗಳನ್ನೂ, ನಮ್ಮ ಬೀರುವಿನ ಪುಸ್ತಕದ ಹತ್ತೊಂಬತ್ತು ವೈಡುಗಳನ್ನೂ ಹೇಳಿದೆವು. ಪ್ರಾರ್ಥನೆಯ ಮರುಬೆಳಗನ್ನೂ ಬಿಡದೆ ಹೇಳಿದೆವು. ಅವನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಣ್ಣನಿಗೆ ಒಂದು ಕಾಗದ ಬರೆಯಿರಿ, ಮೇಷ್ಟರೇ" ಎಂದನು. ಬಳಿಕ ಪುಸ್ತಕವನ್ನು ಮುಚ್ಚಿಟ್ಟು ಒಪ್ಪಿಸತೊಡಗಿದನು. ಸಪ್ತಮಿಯ ಬಹುವಚನದಲ್ಲಿ ತಪ್ಪಿದನು. ತಿದ್ದಿದೆವು. ಅವನು ಮುಂದಕ್ಕೆ ಹೋದನು.